ಚರಗದ ಕೂಗು

ಕಲಬುರಗಿ
ಮಂಗಳವಾರ, ೨೦ ಡಿಸೆಂಬರ್ ೨೦೨೨
ಸಂಜೆ

ಪ್ರೀತಿಯ ಅವ್ವಾ,

ಜೈಭೀಮ್. ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಸಾಕ್ಷರತಾ ಶಾಲೆಯಲ್ಲಿ ಕಲಿತ ಹಾಗೆ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದು, ಆದರೆ ಗಟ್ಟಿಯಾಗಿ ಓದಬೇಡ. ನೀನು ರೊಟ್ಟಿ ಬಡಿಯುವ ಹಾಸ್ಟೆಲ್ಲಿನ ಅಡುಗೆ ಕೋಣೆಯಲ್ಲೇ ಕುಳಿತು ಓದಿ ಮುಗಿಸು. ತೋಟದ ಜೋಪಡಿಗೆ ಒಯ್ದು ಅಪ್ಪನ ಎದುರಿಗೆ ತೆರೆಯಬೇಡ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀನು ಕೇಳುತ್ತೀ. ಮನೆಗೆ ಇರುವುದು ಒಂದೇ ಫೋನು, ಅದು ಅಪ್ಪನ ಕಿಸೆಯಲ್ಲಿ. ಅಪ್ಪ ಫೋನನ್ನು ಕಿವಿಗೆ ಹಿಡಿದದ್ದನ್ನು ನಾನು ಇದುವರೆಗೆ ಕಂಡಿಲ್ಲ. ರೊಟ್ಟಿ ಇಟ್ಟುಕೊಂಡ ಹಾಗೆ ಅಂಗೈ ಮೇಲೆ ಇಟ್ಟುಕೊಂಡು, ಸ್ಪೀಕರ್ ಹಾಕಿ, ಬಾವಿಯ ಆಚೆ ದಂಡೆಯವರಿಗೂ ಕೇಳುವಂತೆ ಮಾತನಾಡುತ್ತಾನೆ. ಹಿಂದೊಮ್ಮೆ ನನ್ನ ತಲೆಯಲ್ಲಿ ಹೇನಾಗಿದೆ ಎಂದದ್ದು ಬಾಳೆಗೊನೆ ಕೊಳ್ಳಲು ಬಂದ ವ್ಯಾಪಾರಿಗೂ ಕೇಳಿಸಿ, ಸೀತಾಫಲದ ಬೀಜ ಅರೆದು ಹಚ್ಚು ಎಂದು ಅವನು ನಡುವೆ ಬಾಯಿ ಹಾಕಿದ್ದ. ಈಗ ಹೇಳಬೇಕಾದದ್ದು ಅಂಥ ಮಾತಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ಶುಕ್ರವಾರ ಎಳ್ಳ ಅಮಾವಾಸ್ಯೆಯ ದಿನ ಅಪ್ಪ ಸಾವ್ಕಾರ್ರ ಹೊಲದಲ್ಲಿ ಚರಗ ಕೂಗಬಾರದು. ಹೇಗಾದರೂ ಮಾಡಿ ನೀನು ಅದನ್ನು ತಪ್ಪಿಸಬೇಕು.

ಗಾಬರಿಯಾಗಬೇಡ. ಯಾಕೆಂದು ಹೇಳುತ್ತೇನೆ.

ಭಾನುವಾರ ಸಾವ್ಕಾರ್ರ ಸೀರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬದ ಮುಂಚಿನ ಸೂಪರ್ ಮಾರ್ಕೆಟ್ ಬೀದಿಯನ್ನು ನೀನೇ ನೋಡಿದ್ದೀಯಲ್ಲ, ಆಟೋಗಳು ಒಂದರ ಮೈಗೆ ಒಂದು ಉಜ್ಜಿಕೊಂಡು ನಿಂತಿರುತ್ತವೆ. ನಾನು ಬಿಲ್ ಮಾಡುತ್ತಿದ್ದೆ. ಜಗದೇವಪ್ಪ ಸಾವ್ಕಾರ್ರು ಗಲ್ಲಾದಿಂದಲೇ ಕೂಗಿ, "ವಿಜಯಶ್ರೀ, ಮನ್ಯಾಗ ಸೊಸಿ ಸೀರಿ ನೋಡ್ತಾಳಂತ. ಒಂದು ಗಂಟು ಕಟಗೊಂಡು ಹೋಗಿ ತೋರಿಸಿ ಬಾ" ಎಂದರು.

ಸೊಸೆ ಎಂದರೆ ವಿದ್ಯಾವತಿ. ಎಂ.ಎ. ಓದುವಾಗ ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು. ನೀನು ಮಾಡಿ ಕಳಿಸುತ್ತಿದ್ದ ಶೇಂಗಾ ಹಿಂಡಿಯ ಡಬ್ಬಿಯನ್ನು ನನಗಿಂತ ಮುಂಚೆ ತೆರೆಯುತ್ತಿದ್ದವಳು. ಈ ಕೆಲಸ ಸಿಕ್ಕಿದ್ದೂ ಅವಳ ಮಾತಿನಿಂದಲೇ. ಈಗ ನಾನು ಅವಳ ಮನೆಗೆ ಗಂಟು ಹೊತ್ತು ಹೋಗುತ್ತೇನೆ, ಅವಳು ಸೋಫಾದ ಮೇಲೆ ಕುಳಿತು ಸೆರಗು ಬಿಡಿಸಿ ನೋಡುತ್ತಾಳೆ. ಇಬ್ಬರೂ ಹಳೆಯ ಮಾತು ಎತ್ತುವುದಿಲ್ಲ. ಅವಳು ಕೆಟ್ಟವಳಲ್ಲ ಅವ್ವಾ. ಇದನ್ನು ಓದುವಾಗ ಅದನ್ನು ನೆನಪಿಟ್ಟುಕೋ.

ಭಾನುವಾರ ಅವಳು ನನ್ನನ್ನು ಮಹಡಿಗೆ ಕರೆದಳು. ಅಲ್ಲಿ ಅವಳ ಗಂಡ ಶಿವಶರಣನ ಕೋಣೆಯ ಬಾಗಿಲು ಮುಚ್ಚಿತ್ತು. ಬಾಗಿಲ ಹೊರಗೆ ಒಂದು ಸ್ಟೂಲು. ಅದರ ಮೇಲೆ ನೀರು ಹಾಕಿ ಬಿಟ್ಟ ಉಂಡ ತಟ್ಟೆ, ಪಕ್ಕದಲ್ಲಿ ಹಬೆ ತೆಗೆದುಕೊಳ್ಳುವ ಮಷೀನು. ತಟ್ಟೆ ಎತ್ತಲು ಆಳುಗಳಿರುವ ಮನೆ ಅದು, ಬಾಗಿಲ ಮುಂದೆ ಎಂಜಲು ತಟ್ಟೆ ನಿಂತಿರುವುದಿಲ್ಲ. ನಾನು ಅದನ್ನೇ ನೋಡುತ್ತಿದ್ದುದನ್ನು ವಿದ್ಯಾ ನೋಡಿದಳು.

"ನಿನ್ನ ಕಣ್ಣಿಗಿ ಏನ ಮುಚ್ಚಿಡಬೇಕು ಹೇಳು" ಎಂದು ನಕ್ಕಳು. "ಇವ್ರಿಗಿ ಕರೋನಾ ಬಂದಾದ. ನಿನ್ನಿ ಕಿಟ್ ಹಾಕಿ ನೋಡಿದ್ವಿ. ಡಾಕ್ಟರು ಮನಿಗೇ ಬಂದು ನೋಡಿ ಹೋಗ್ಯಾರ. ಅಂಗಡ್ಯಾಗ ಯಾರಿಗೂ ಹೇಳಬ್ಯಾಡ."

ಹಾಗಾದರೆ ಶುಕ್ರವಾರ ಎಂದು ಕೇಳಿದೆ.

"ಅಷ್ಟೊತ್ತಿಗಿ ಜ್ವರ ಇಳದಿರ್ತಾವ. ಭಾಳ ಮಂದಿಗಿ ಹೇಳಿ ಕಳಿಸ್ಯಾರ, ಬಿಡ್ಲಾಕ ಬರಂಗಿಲ್ಲ. ಮಾವನವ್ರಿಗಿ ಮೊಣಕಾಲು ಬ್ಯಾನಿ. ಈ ವರ್ಷ ಚರಗ ಚೆಲ್ಲೋರು ಇವ್ರೇ." ನನ್ನ ಮುಖ ನೋಡಿ, "ಬಯಲಾಗ ಏನ ಆಗ್ತದ ಬಿಡು" ಎಂದಳು. ಆಮೇಲೆ ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದಳು: "ಅತ್ತಿಯವ್ರಿಗಿ ಮಾತ್ರ ಮ್ಯಾಲ ಬರಬ್ಯಾಡ್ರಿ ಅಂದೀವಿ. ಅವ್ರಿಗಿ ಸಕ್ಕರಿ ಅದಲ್ಲ."

ಸೀರೆಗಳನ್ನು ಮಡಿಸುತ್ತ ನಾನು ಅದನ್ನೇ ಯೋಚಿಸಿದೆ. ಅತ್ತೆಯವರಿಗೆ ಒಂದು ಮಹಡಿ ಅಡ್ಡವಿದೆ. ನಮ್ಮ ಅಪ್ಪನಿಗೆ ಏನು ಅಡ್ಡವಿದೆ?

ಅಪ್ಪನಿಗೆ ಆ ದಿನ ಎಂದರೆ ಏನು ಎಂಬುದು ನನಗೂ ಗೊತ್ತು. ಬೆಳೆ ಹೊತ್ತ ಭೂಮಿಗೆ ಉಣಿಸುವ ದಿನ. ಸಜ್ಜೆ ಕಡುಬು, ಕಾಳು-ಸೊಪ್ಪಿನ ಭಜ್ಜಿ, ರೊಟ್ಟಿ ಎಲ್ಲವನ್ನೂ ಕಲಸಿದ ಚರಗದ ಬುಟ್ಟಿ ಹಿಡಿದು ಸಾವ್ಕಾರ್ರು ಬದುವಿನುದ್ದಕ್ಕೂ ಚೆಲ್ಲುತ್ತ ಮುಂದೆ ನಡೆಯುತ್ತಾರೆ. ಅಪ್ಪ ಬೆನ್ನಿಗೇ ಕೂಗುತ್ತ ನಡೆಯುತ್ತಾನೆ. ಬುಟ್ಟಿಯನ್ನು ಅಪ್ಪ ಮುಟ್ಟುವಂತಿಲ್ಲ. ಕೂಗಿಗೆ ಮೈಲಿಗೆ ಇಲ್ಲವೇನೋ. ಚೆಲ್ಲುವ ಕೈ ಅವರದು, ಗಂಟಲು ಅಪ್ಪನದು. ಕಾಲೇಜು ಸೇರಿದ ಹೊಸತರಲ್ಲಿ ನಾನು ಇದನ್ನೇ ಹಿಡಿದು ಜಗಳ ತೆಗೆದಿದ್ದೆ. ಗೋಡೆಯ ಮೇಲೆ ಬಾಬಾಸಾಹೇಬರನ್ನು ಇಟ್ಟುಕೊಂಡು ಇನ್ನೊಬ್ಬರ ಬುಟ್ಟಿಯ ಹಿಂದೆ ಯಾಕೆ ಹೋಗುತ್ತೀ ಎಂದಿದ್ದೆ. ಅಪ್ಪ ಸಿಟ್ಟಾಗಲಿಲ್ಲ. "ಹೊಲ ಅವರದು ಖರೇ ಅದವಾ. ಕೂಗು ನಂದು. ಗುಡ್ಡದ ತನಕ ಇನ್ಯಾರದು ಕೇಳ್ತದ ಹೇಳು?" ಎಂದ.

ಆದರೆ ಆ ಗಂಟಲಿನ ಕೆಳಗೆ ಏನಿದೆ ಎಂದು ನೀನೂ ನೋಡಿದ್ದೀ. ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ಪ್ರಾಯವೆಲ್ಲ ಕಳೆದ ಎದೆ. ಎರಡನೇ ಅಲೆಯಲ್ಲಿ ಆಕ್ಸಿಜನ್ ನಳಿಕೆ ಹಾಕಿಕೊಂಡು ಮಲಗಿದ್ದಾಗ ನಾವಿಬ್ಬರೂ ದವಾಖಾನೆಯ ಕಿಟಕಿಯಿಂದ ನೋಡುತ್ತಿದ್ದೆವು. ಮನೆಗೆ ಕಳಿಸುವಾಗ ಡಾಕ್ಟರು ನಿನಗೇ ಹೇಳಿದರಲ್ಲ, ಈ ಎದೆ ಇನ್ನೊಂದು ಸಲ ತಡೆಯುವುದಿಲ್ಲ ಎಂದು.

ಆಗ ತೋಟದ ಬಾಗಿಲಿಗೆ ಹಗ್ಗ ಕಟ್ಟಿದ್ದರು, ನೆನಪಿದೆಯಾ? ಹೊರಗಿನವರು ಯಾರೂ ದಾಟುವಂತಿರಲಿಲ್ಲ. ಸ್ವತಃ ಸಾವ್ಕಾರ್ರೇ ಬಂದಾಗಲೂ ಹಗ್ಗದ ಆಚೆ ಜೀಪು ನಿಲ್ಲಿಸಿ ಮಾತನಾಡಿ ಹೋದರು. ಆಶಾ ಅಕ್ಕ ಬಂದು ಅಪ್ಪನ ಬೆರಳಿಗೆ ಕ್ಲಿಪ್ ಹಾಕಿ ನೋಡುತ್ತಿದ್ದಳು. ಈಗ ಅವಳಿಗೆ ಬೇರೆ ಕೆಲಸ ಹಚ್ಚಿದ್ದಾರೆ. ಮೂರನೇ ಡೋಸು ಪುಕ್ಕಟೆ ಇದ್ದಾಗ ಗೊನೆ ಕಡಿಯುವುದಿದೆ ಎಂದು ಅಪ್ಪ ಹೋಗಲಿಲ್ಲ. ಹೋಗೋಣ ಎನ್ನುವಷ್ಟರಲ್ಲಿ ಅರವತ್ತು ತುಂಬದವರಿಗೆ ಪುಕ್ಕಟೆ ಮುಗಿಯಿತು ಎಂದರು. ಆ ಹಗ್ಗದ ಮೇಲೆ ಈಗ ನಿನ್ನ ಸೀರೆ ಒಣಗುತ್ತದೆ.

ನಮ್ಮ ಅಂಗಡಿಯೂ ಹಾಗೆಯೇ. ಆಗ ಜ್ವರ ಬಂದವರು ಮನೆಯಲ್ಲಿರಬೇಕು, ಪಗಾರ ಕಡಿಯಬಾರದು ಎಂದಿತ್ತು. ಬಾಗಿಲಲ್ಲಿ ಆ ಚೀಟಿ ಅಂಟಿಸಿದ್ದ ಜಾಗದಲ್ಲಿ ಈಗ ಗೋಂದಿನ ಕಲೆ ಮಾತ್ರ ಉಳಿದಿದೆ. ಹೋದ ವಾರ ಅಮೀನಾಳಿಗೆ ಜ್ವರವಿತ್ತು. ಮೋಮಿನಪುರದವಳು, ನಾನು ಹೇಳುತ್ತಿರುತ್ತೇನಲ್ಲ, ಗಂಡ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುತ್ತಿರುವವಳು. ಕಣ್ಣು ಕೆಂಪಗಿದ್ದರೂ ಸೀರೆ ಬಿಡಿಸಿ ತೋರಿಸುತ್ತಲೇ ಇದ್ದಳು. ಮನೆಗೆ ಹೋಗಬಾರದೇನೇ ಎಂದೆ. "ಕ್ಯಾ ಕರ್ನಾ ವಿಜ್ಜಿ, ಮನ್ಯಾಗ ಕುಂತ್ರ ಪಗಾರ ಕಟ್. ಜ್ವರಕ್ಕ ಗುಳಿಗಿ ಅದ, ಹೊಟ್ಟಿಗಿ ಗುಳಿಗಿ ಎಲ್ಲದ?" ಎಂದಳು. ನಾವೆಲ್ಲ ಸೇರಿ ಅವಳನ್ನು ಹಿಂದಿನ ಗೋದಾಮಿಗೆ ಕಳಿಸಿ, ಅವಳ ಗಿರಾಕಿಗಳನ್ನು ನಾವೇ ನೋಡಿಕೊಂಡೆವು. ಅಂಗಡಿಯ ಹುಡುಗಿಯರಿಗೆ ಈಗ ಇರುವ ಕ್ವಾರಂಟೈನ್ ಅದೊಂದೇ.

ಅದಕ್ಕೇ ಕೇಳುತ್ತಿದ್ದೇನೆ. ಹುಮನಾಬಾದಿನಲ್ಲಿ ಚಿಗವ್ವನ ಮನೆಯಲ್ಲಿ ಏನೋ ಅವಸರದ ಕೆಲಸವಿದೆ ಎಂದು ಹೇಳಿ ಅಪ್ಪನನ್ನು ಗುರುವಾರವೇ ಹೊರಡಿಸು. ಸುಳ್ಳು ಹೇಳಲು ನಿನಗೆ ಬರುವುದಿಲ್ಲ, ಗೊತ್ತಿದೆ. ಚಿಗವ್ವನಿಂದಲೇ ಫೋನ್ ಮಾಡಿಸು. ಅವಳಿಗೆ ಚೆನ್ನಾಗಿ ಬರುತ್ತದೆ.

ಈ ಸಲ ನಾನು ಹಬ್ಬಕ್ಕೆ ಬರುವುದಿಲ್ಲ. ಅಂಗಡಿ ಮುಚ್ಚಿದರೂ ನಮ್ಮಲ್ಲಿ ಕೆಲವರನ್ನು ಸರಕು ಎಣಿಸಲು ಇಟ್ಟುಕೊಂಡಿದ್ದಾರೆ. ಬೇಸರ ಮಾಡಿಕೊಳ್ಳಬೇಡ.

ಶರಣಬಸವೇಶ್ವರ ಗುಡಿಯ ಗಂಟೆ ಕೇಳಿಸುತ್ತಿದೆ. ಮನೆ ಮಾಲಕಿ ಸೂಗಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಹಸಿವಿಲ್ಲ ಎಂದಿದ್ದೇನೆ. ಉಳಿದದ್ದು ನಾಳೆ.

ಬುಧವಾರ, ಮಧ್ಯಾಹ್ನ

ಅವ್ವಾ, ನಾನು ಕೆಲಸ ಕೆಡಿಸಿದೆ.

ರಾತ್ರಿಯೆಲ್ಲ ಯೋಚಿಸಿ, ಸುಳ್ಳಿನ ಭಾರವನ್ನು ನಿನ್ನ ಮೇಲೆ ಹಾಕುವುದಕ್ಕಿಂತ ನಾನೇ ಸಾವ್ಕಾರ್ರಿಗೆ ನೇರವಾಗಿ ಕೇಳಿಬಿಡುತ್ತೇನೆ ಎಂದುಕೊಂಡೆ. ಮನುಷ್ಯರೇ ತಾನೇ. ಹೊಸ ಬಾವಿಗೆ ಪೂಜೆ ಮಾಡಿದ ದಿನ ಅಪ್ಪನನ್ನು ತಮ್ಮ ಎಂದು ಕರೆದವರು.

ಬೆಳಿಗ್ಗೆ ಅಂಗಡಿಯ ಪೂಜೆ ಮುಗಿದು ಅವರು ಗಲ್ಲಾದಲ್ಲಿ ಕುಳಿತ ಕೂಡಲೇ ಹೋಗಿ ನಿಂತೆ. ನನ್ನ ಮುಖದ ಮೇಲೆ ಮಾಸ್ಕ್ ಇತ್ತು. ಇಡೀ ಅಂಗಡಿಯಲ್ಲಿ ನನಗೊಬ್ಬಳಿಗೇ.

"ಏನವಾ, ಬಾಯಿ ಯಾಕ ಕಟಗೊಂಡಿ? ಕಳವು ಮಾಡ್ಲಾಕ ಬಂದಂಗ ಕಾಣ್ತಿ" ಎಂದು ನಕ್ಕರು. ನಾನು ಮಾತು ಶುರು ಮಾಡಿದೆ. ಅವರಿಗೆ ಕೇಳಿಸಲಿಲ್ಲ. "ಹತ್ತಿರ ಬಂದು ಜೋರ್ಲೆ ಹೇಳು. ಇಷ್ಟು ಓದೀದಿ, ಬಾಯಿ ಮಾತ್ರ ಬರಲಿಲ್ಲ ನಿನಗ." ನಾನು ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ ಮತ್ತೆ ಹೇಳಿದೆ. ಅಪ್ಪನ ಎದೆ ನೆಟ್ಟಗಿಲ್ಲ, ಮಹಡಿಯ ಮೇಲಿನ ಧಣಿಗೆ ಆರಾಮಿಲ್ಲ, ಇದೊಂದು ವರ್ಷ ಅಪ್ಪನನ್ನು ಅವರ ಬೆನ್ನಿಗೆ ಕೂಗಲು ಕರೆಯಬೇಡಿರಿ ಎಂದೆ.

ಅವರು ಗಲ್ಲಾದ ಮುಚ್ಚಳ ಹಾಕಿದರು. "ಯಾರ ಹೇಳಿದ್ರು ನಿನಗ?"

ನಾನು ವಿದ್ಯಾಳ ಹೆಸರು ಹೇಳಲಿಲ್ಲ. ಬಾಗಿಲ ಮುಂದೆ ತಟ್ಟೆ ನೋಡಿದೆ ಎಂದೆ.

"ಓಹೋ, ಎಂಜಲ ತಟ್ಟಿ ನೋಡಿ ರೋಗ ಹೇಳ್ತಿ! ದವಾಖಾನಿ ತಗೀ ಹಂಗಾದ್ರ." ಸುತ್ತ ನಿಂತವರು ನಕ್ಕರು. ಆಮೇಲೆ ಅವರು ಸಮಾಧಾನದಿಂದಲೇ ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ: "ನೋಡವಾ, ಆವಾಗ ಶಟರ್ ಇಳಸು ಅಂದ್ರು, ಇಳಸಿದೆ. ದಂಡ ಕಟ್ಟು ಅಂದ್ರು, ಕಟ್ಟಿದೆ. ಜ್ವರ ಬಂದವ್ರಿಗಿ ಮನ್ಯಾಗ ಕೂಡಿಸಿ ಪಗಾರ ಕೊಡು ಅಂದ್ರು, ಕೊಟ್ಟೆ. ಒಂದರ ತಪ್ಪಿಸೀನೇನು? ಈಗ ಯಾರರ ಬಂದು ಏನರ ಅಂತಾರೇನು? ಸರ್ಕಾರಕ್ಕ ಇಲ್ಲದ ಚಿಂತಿ ನಿನಗ್ಯಾಕ?"

ಅದರಲ್ಲಿ ಒಂದು ಮಾತೂ ಸುಳ್ಳಲ್ಲ ಅವ್ವಾ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ತೋಟದ ಬಾಗಿಲಿಗೆ ಹಗ್ಗ ಕಟ್ಟಿದ್ದು ಅಪ್ಪ ಬದುಕಲಿ ಎಂದು ಎಂದೇ ನಾವು ತಿಳಿದಿದ್ದೆವು. ಅವರು ಕಟ್ಟಿದ್ದು ಯಾರೋ ಕಟ್ಟು ಎಂದದ್ದಕ್ಕೆ. ಬಿಚ್ಚಿದ್ದು ಯಾರೂ ಕಟ್ಟು ಎನ್ನದೆ ಹೋದದ್ದಕ್ಕೆ.

ನಾನು ಅಲ್ಲಿಂದ ಸರಿಯುವಷ್ಟರಲ್ಲಿ ಅವರು ಫೋನ್ ತೆಗೆದು ಅಪ್ಪನಿಗೆ ಹಚ್ಚಿದರು. ಅವರೂ ಸ್ಪೀಕರ್ ಹಾಕಿದರು, ನನಗೆ ಕೇಳಲಿ ಎಂದು.

"ರಾಮಣ್ಣಾ, ಈ ಸಲ ನೀ ಕೂಗಾದು ಬ್ಯಾಡಂತ ನೋಡಪಾ, ನಿನ್ನ ಮಗಳು ಹೇಳ್ಲಾಕತ್ಯಾಳ. ನೀ ಏನಂತಿ? ಬ್ಯಾಡಂದ್ರ ಬಿಡು. ಕೂಗ್ಲಾಕ, ತೋಟ ಕಾಯ್ಲಾಕ ಮಂದಿ ಭಾಳ ಅದಾರ."

ಸೀರೆ ಕೈಯಲ್ಲಿ ಹಿಡಿದ ಗಿರಾಕಿಗಳು ತಿರುಗಿ ನೋಡಿದರು. ಅಪ್ಪನ ದನಿ ಅಂಗಡಿಯ ತುಂಬ ಬಂತು. "ಅಯ್ಯ ಧಣಿ, ಆಕಿ ಹುಡುಗಿ ಅದಾಳ್ರಿ, ಆಕಿಗೇನ ತಿಳೀತದ! ನಾ ಇರೋತನ ಬ್ಯಾರೆಯವ್ರು ಹ್ಯಾಂಗ ಕೂಗ್ತಾರ್ರಿ? ಪೂಜಿಗಿ ಜೋಳದ ದಂಟಿನ ಕೊಂಪಿ ಸುದ್ದಾ ಹಾಕಿ ಮುಗಿಸೀನ್ರಿ, ನೀವು ಬರೋದೇ ತಡ." ಆಮೇಲೆ ದನಿ ಇಳಿಸಿ, "ವಿಜ್ಜೀ, ಅಲ್ಲೇ ಅದೀಯೇನವಾ? ಉಂಡಿ?" ಎಂದ.

ಸಾವ್ಕಾರ್ರು ಫೋನನ್ನು ನನ್ನ ಕಡೆಗೆ ಚಾಚಿದರು. ನಾನು ತಲೆಯಾಡಿಸಿ ಹಿಂದೆ ಸರಿದೆ. "ಇಲ್ಲೇ ನಿಂತಾಳ, ಮಾತಾಡವಲ್ಲಳು. ನಿನ್ನ ಮಗಳ ನಾಚಿಕಿ ನಿನಗ ಗೊತ್ತದಲ್ಲ" ಎಂದರು. ಅಪ್ಪ ನಕ್ಕ. ನಗು ಮುಗಿಯುವ ಮುಂಚೆಯೇ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಖಾಲಿ ಕೊಡ ಬಾವಿಯ ಗೋಡೆಗೆ ಬಡಿಯುತ್ತ ಇಳಿಯುವ ಸಪ್ಪಳದಂತೆ ಅದು ಅಂಗಡಿಯಲ್ಲೆಲ್ಲ ಕೇಳಿಸುತ್ತಿತ್ತು. ಸಾವ್ಕಾರ್ರು ಫೋನ್ ಕಟ್ ಮಾಡಿದರು.

ನಾನು ಉತ್ತರ ಕೊಡದೆ ಹೋದದ್ದಕ್ಕೆ ಅಪ್ಪನಿಗೆ ಬೇಜಾರಾಗಿರಬಹುದು. ನಾಚಿಕೆ ಎಂದು ಎಲ್ಲರೂ ತಿಳಿದರು. ತಿಳಿಯಲಿ.

ಈಗ ಚಿಗವ್ವ ಎಷ್ಟು ಚೆನ್ನಾಗಿ ಸುಳ್ಳು ಹೇಳಿದರೂ ನಡೆಯುವುದಿಲ್ಲ. ಅಪ್ಪ ಮಾತು ಕೊಟ್ಟುಬಿಟ್ಟ. ಹೋಗದಿದ್ದರೆ ತೋಟ ಬಿಡಿಸುತ್ತಾರೆ ಎಂಬುದನ್ನೂ ಕೇಳಿಸಿಕೊಂಡ. ತೋಟ ಬಿಟ್ಟರೆ ಆ ಜೋಪಡಿಯೂ ಇಲ್ಲ. ನಾನು ಬಾಯಿ ತೆರೆಯದೆ ಇದ್ದಿದ್ದರೆ ಒಂದು ದಾರಿಯಾದರೂ ಇತ್ತು.

ಗೋದಾಮಿನಲ್ಲಿ ಕುಳಿತು ಇಷ್ಟು ಬರೆದೆ. ಗಿರಾಕಿಗಳ ಮುಂದೆ ನಿಲ್ಲಬೇಡ ಎಂದು ಅಮೀನಾಳೇ ನನ್ನನ್ನು ಇಲ್ಲಿ ಕೂಡಿಸಿ ಹೋಗಿದ್ದಾಳೆ.

ಗುರುವಾರ, ಬೆಳಿಗ್ಗೆ

ಅವ್ವಾ, ಇದನ್ನು ಖೋಲಿಯಿಂದ ಬರೆಯುತ್ತಿದ್ದೇನೆ. ಇವತ್ತು ಅಂಗಡಿಗೆ ಹೋಗಿಲ್ಲ.

ಅಮೀನಾ ಈಗಷ್ಟೇ ಕಿಟಕಿಯ ಹೊರಗೆ ಬಂದು ನಿಂತಿದ್ದಳು. ನಿನ್ನೆ ಸಂಜೆ ಶಿವಶರಣ ಅಂಗಡಿಗೆ ಬಂದು ಗಲ್ಲಾದಲ್ಲಿ ಕುಳಿತಿದ್ದನಂತೆ. ಮಾಸ್ಕ್ ಇಲ್ಲ. ಹೊಸ ಕರವಸ್ತ್ರದಲ್ಲಿ ಕೆಮ್ಮುತ್ತಿದ್ದನಂತೆ. ನೆಂಟರು ಕೇಳಿದರೆ ಎಸಿಯ ಥಂಡಿ ಎಂದನಂತೆ. "ನಾ ಕೆಮ್ಮಿದ್ರ ಗೋದಾಮು, ಧಣಿ ಕೆಮ್ಮಿದ್ರ ಎಸಿ ಥಂಡಿ. ಅವ್ರ ಕೆಮ್ಮಿಗೂ ಜಾತಿ ಅದ ನೋಡವಾ" ಎಂದು ಅಮೀನಾ ನಗಿಸಲು ನೋಡಿದಳು. ನಾನು ನಗಲಿಲ್ಲ. ನಕ್ಕರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು.

ಅಂದರೆ ಆತ ನಾಳೆ ಖಂಡಿತ ಬರುತ್ತಾನೆ. ಬುಟ್ಟಿ ಹಿಡಿದು ಮುಂದೆ ನಡೆಯುತ್ತಾನೆ. ಅಪ್ಪ ಬೆನ್ನಿಗೇ, ಬಾಯಿ ತೆರೆದು, ಎದೆಯಲ್ಲಿದ್ದ ಉಸಿರೆಲ್ಲ ಹಾಕಿ ಕೂಗಿ, ಮತ್ತೆ ಅಷ್ಟೇ ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾನೆ. ಅದೇ ಗಾಳಿಯಿಂದ. ಸಣ್ಣವಳಿದ್ದಾಗ ನಾನು ಅಪ್ಪನ ಹಿಂದೆ ಓಡುತ್ತಿದ್ದೆನಲ್ಲ, ಪ್ರತಿ ಕೂಗಿಗೂ ಮುಂಚೆ ಅವನ ಬೆನ್ನು ಉಬ್ಬುವುದನ್ನು ನೋಡುತ್ತಿದ್ದೆ. ಎರಡು ದಿನದಿಂದ ಕಣ್ಣು ಮುಚ್ಚಿದರೆ ಅದೊಂದೇ ಕಾಣುತ್ತದೆ.

ನೀನು ಭಜ್ಜಿ ಮಾಡಲು ಹೋಗಲೇಬೇಕಾಗುತ್ತದೆ, ಅದನ್ನು ಬೇಡ ಎನ್ನಲು ನನಗೆ ಬಾಯಿಲ್ಲ. ಒಲೆ ಹೊರಗೆ ಹೂಡಿಸು. ಬಡಿಸುವಾಗ ಮಾಸ್ಕ್ ಹಾಕಿಕೋ. ಯಾರಾದರೂ ನಕ್ಕರೆ ಹಲ್ಲುನೋವು ಎನ್ನು. ಕೊಂಪೆಯೊಳಗೆ ಪೂಜೆಗೆ ಎಲ್ಲರೂ ಒತ್ತೊತ್ತಾಗಿ ಕೂಡುತ್ತಾರೆ, ನಮ್ಮವರನ್ನು ಹೊರಗೇ ನಿಲ್ಲಿಸುತ್ತಾರೆ. ಇದೊಂದು ಸಲ ಹೊರಗೆ ನಿಂತದ್ದೇ ಒಳ್ಳೆಯದಾಯಿತು ಎಂದುಕೋ.

ಈ ಪತ್ರವನ್ನು ಅಮೀನಾ ಬಸ್ ಸ್ಟ್ಯಾಂಡಿಗೆ ಒಯ್ದು ಕಂಡಕ್ಟರ್ ಯಂಕಪ್ಪಣ್ಣನ ಕೈಗೆ ಕೊಡುತ್ತಾಳೆ. ಅಪ್ಪ ಕಳಿಸುವ ಕೆಂಬಾಳೆಯಲ್ಲಿ ಒಂದನ್ನು ಟಿಕೆಟ್ ಎಂದು ತಿಂದು ಉಳಿದದ್ದನ್ನು ನನಗೆ ತಲುಪಿಸುವ ಮನುಷ್ಯ. ಪತ್ರದಲ್ಲಿ ತಿನ್ನುವಂಥದ್ದು ಏನೂ ಇಲ್ಲ, ಹಾಗಾಗಿ ಪೂರ್ತಿ ಬರುತ್ತದೆ. ಅವನನ್ನು ಏನೂ ಕೇಳಬೇಡ, ಅವನು ನನ್ನನ್ನು ನೋಡಿಲ್ಲ.

ನಿನ್ನ ಕೈ ನನ್ನ ಹಣೆಯ ಮೇಲೆ ಇದ್ದ ಹಾಗೆ ನೆನೆದುಕೊಂಡು ಮುಗಿಸುತ್ತೇನೆ.

ನಿನ್ನ ಮಗಳು,
ವಿಜಯಶ್ರೀ

ತಾ.ಕ.: ಅಮೀನಾ ಕವರ್ ಕೇಳುತ್ತಿದ್ದಾಳೆ. ಹೀಗೆಯೇ ಮುಚ್ಚಿ ಕೊಟ್ಟರೆ ಈ ಪತ್ರದಿಂದ ಉಪಯೋಗವಿಲ್ಲ ಎಂದು ಈಗ ತಿಳಿಯಿತು. ಸರಕು ಎಣಿಸುವ ಮಾತು ಸುಳ್ಳು. ನನಗೂ ಬಂದಿದೆ ಅವ್ವಾ. ಮಂಗಳವಾರವೇ ದನಿ ಬಿದ್ದುಹೋಗಿತ್ತು. ಫೋನ್ ಮಾಡದೆ ಇದ್ದದ್ದಕ್ಕೆ, ನಿನ್ನೆ ಅಪ್ಪ ಉಂಡಿಯಾ ಎಂದಾಗ ಉತ್ತರ ಕೊಡದೆ ಇದ್ದದ್ದಕ್ಕೆ ಕಾರಣ ಅದೇ. ರಾತ್ರಿ ಕಿಟ್ ಹಾಕಿ ನೋಡಿದೆ, ಎರಡು ಗೆರೆ. ಗೋದಾಮಿನಿಂದ ಬಂತೋ ಮಹಡಿಯಿಂದ ಬಂತೋ ಗೊತ್ತಿಲ್ಲ. ಅಮೀನಾಳನ್ನು ಬೈಯಬೇಡ, ಬಾಗಿಲ ಚಿಲಕಕ್ಕೆ ಗಂಜಿಯ ಡಬ್ಬಿ ತೂಗುಹಾಕಿ ಹೋಗುತ್ತಿರುವವಳು ಅವಳೇ. ಸೂಗಮ್ಮನಿಗೆ ಕೇಳಬಾರದೆಂದು ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತೇನೆ. ಉಸಿರಾಟ ಸರಿಯಿದೆ. ಇದು ಸುಳ್ಳಲ್ಲ.

ಇವತ್ತೇ ಅಪ್ಪನಿಗೆ ಹೇಳಬೇಡ. ಹೇಳಿದರೆ ಸಂಜೆಯ ಬಸ್ಸಿಗೆ ಓಡಿ ಬಂದು ಈ ಖೋಲಿಯಲ್ಲಿ ನನ್ನ ತಲೆ ಹಿಡಿದು ಕೂಡುತ್ತಾನೆ. ನಾಳೆ ಬುಟ್ಟಿ ತುಂಬಿ, ಮಂದಿಯೆಲ್ಲ ಬದುವಿನ ಮೇಲೆ ಸೇರಿದಾಗ ನಾನು ಫೋನ್ ಮಾಡುತ್ತೇನೆ. ನನಗೆ ಏನಾಗಿದೆ, ಮುಂದೆ ಬುಟ್ಟಿ ಹಿಡಿದವರಿಗೆ ಏನಾಗಿದೆ, ಎರಡನ್ನೂ ಹೇಳುತ್ತೇನೆ. ವಿದ್ಯಾ ಇನ್ನು ನನ್ನ ಮುಖ ನೋಡುವುದಿಲ್ಲ, ಅಂಗಡಿಯ ಬಾಗಿಲೂ ಮುಚ್ಚುತ್ತದೆ. ತೋಟದ್ದೂ ಏನಾಗುತ್ತದೋ ಗೊತ್ತಿಲ್ಲ. ಆದರೆ ಇದನ್ನು ಕೇಳಿದ ಮೇಲೆ ಆ ಬೆನ್ನಿಗೆ ನಡೆಯಲು ಯಾರೂ ಮುಂದೆ ಬರುವುದಿಲ್ಲ, ಅಪ್ಪನೂ. ಆಮೇಲೆ ಅವನು ಇಲ್ಲಿಗೆ ಹೊರಟರೆ ನೀನು ಅಡ್ಡ ನಿಲ್ಲು. ಆ ಹಗ್ಗದ ಮೇಲಿನ ಸೀರೆ ತೆಗೆದು, ಬೇಕಾದರೆ ಮತ್ತೆ ಬಾಗಿಲಿಗೆ ಕಟ್ಟು.

ನೀನು ಮಾಡಬೇಕಾದದ್ದು ಇಷ್ಟೇ. ಅಪ್ಪನ ಫೋನು ಚಾರ್ಜ್ ಆಗಿ ಕಿಸೆಯಲ್ಲಿರುವಂತೆ ನೋಡಿಕೋ. ಎಂದಿನಂತೆ ಅಂಗೈ ಮೇಲಿಟ್ಟು ಸ್ಪೀಕರ್ ಹಾಕುತ್ತಾನೆ, ಹಾಕಲಿ, ತಡೆಯಬೇಡ. ನನ್ನ ದನಿ ಒಡೆದಿದೆ ಅವ್ವಾ. ಆದರೂ ಬಾವಿಯ ಆಚೆ ದಂಡೆಗೆ ಕೇಳುವಷ್ಟು ಉಳಿದಿದೆ.